ಶೇ 7.5 ಡಿವಿಡೆಂಡ್ ಯೀಲ್ಡ್: ಹೊಸದಾಗಿ ಲಿಸ್ಟ್ ಆದ ವಿದ್ಯುತ್ ಷೇರಿನ ಲೆಕ್ಕ ಬಿಡಿಸುವುದು

ಷೇರು ಆ್ಯಪ್ ತೋರಿಸುವ ‘ಡಿವಿಡೆಂಡ್ ಯೀಲ್ಡ್’ ಬರೀ ಒಂದು ಭಾಗಾಕಾರ. ಮೇಲೆ ಕಳೆದ ಒಂದು ವರ್ಷದಲ್ಲಿ ಷೇರೊಂದಕ್ಕೆ ಕೊಟ್ಟ ಲಾಭಾಂಶ, ಕೆಳಗೆ ಇವತ್ತಿನ ಬೆಲೆ. ಹದಿನೈದು ವರ್ಷದಿಂದ ಪೇಟೆಯಲ್ಲಿರುವ ಕಂಪನಿಯಾದರೆ ಈ ಎರಡೂ ಅಂಕಿಗಳನ್ನು ಹಿಂದಿನ ವರ್ಷಗಳ ಜೊತೆ ಹೋಲಿಸಿ ನೋಡಬಹುದು. ಲಿಸ್ಟ್ ಆಗಿ ಆರು ತಿಂಗಳೂ ಆಗದ ಕಂಪನಿಯಲ್ಲಿ ಆ ಅನುಕೂಲ ಇಲ್ಲ. ಲಾಭಾಂಶ ಹೋದದ್ದು ಹಳೆಯ ಯಜಮಾನರಿಗೆ, ಬೆಲೆ ಇನ್ನೂ ಒಂದು ಕಡೆ ನಿಂತಿಲ್ಲ.

ದಾವಣಗೆರೆ, ಚಿತ್ರದುರ್ಗದ ಕಡೆ ನಿವೃತ್ತಿಯ ಗಂಟು ಕೈಗೆ ಬಂದವರು, ಅಡಿಕೆ ಮಾರಿದ ದುಡ್ಡನ್ನು ಎಲ್ಲಿಡೋಣ ಎಂದು ನೋಡುವವರು ವಿದ್ಯುತ್ ಷೇರಿನ ಬಗ್ಗೆ ಹೇಳುವ ಮಾತು ಒಂದೇ: ‘ಕರೆಂಟಿಗೆ ಬೇಡಿಕೆ ಎಲ್ಲಿ ಹೋಗುತ್ತೆ?’ ಮಾತು ಸರಿ. ಆದರೆ ಕರೆಂಟ್ ಮಾರಾಟವಾಗುವುದು ಬೇರೆ, ಅದರ ದುಡ್ಡು ಬರುವುದು ಬೇರೆ, ಬಂದ ದುಡ್ಡು ಬ್ಯಾಂಕಿನ ಕಂತು ಕಳೆದು ಷೇರುದಾರನಿಗೆ ಉಳಿಯುವುದು ಇನ್ನೂ ಬೇರೆ. ಹಾಗಾಗಿ ಯೀಲ್ಡ್ ಎಷ್ಟು ಎಂದು ಕೇಳುವ ಮೊದಲು ಈ ರೂಪಾಯಿ ಎಲ್ಲಿಂದ ಬಂತು ಎಂದು ಕೇಳಬೇಕು.

ಅದಕ್ಕೂ ಮೊದಲು ಒಂದು ಸಣ್ಣ ಗೊಂದಲ ಕಳೆದುಕೊಳ್ಳೋಣ. ಕಂಪನಿ ‘ಶೇ 90 ಲಾಭಾಂಶ’ ಎಂದು ಘೋಷಿಸಿದರೆ ಅದು ಮುಖಬೆಲೆಯ ಮೇಲಿನ ಲೆಕ್ಕ. ಮುಖಬೆಲೆ ₹10 ಇದ್ದರೆ ಕೈಗೆ ಬರುವುದು ₹9. ನೀವು ಕೊಂಡದ್ದು ₹120ಕ್ಕೆ ಆದರೆ ಯೀಲ್ಡ್ 9 ಭಾಗಿಸು 120, ಅಂದರೆ ಶೇ 7.5.

ಈ ₹120ರ ಕಂಪನಿಯನ್ನೇ ಲೆಕ್ಕಕ್ಕೆ ಹಿಡಿಯೋಣ. ಇದು ಕಲ್ಪಿತ ಕಂಪನಿ, ಆದರೆ ತಪ್ಪುಗಳು ನಿಜವಾದವು. ಐಪಿಒಗೆ, ಅಂದರೆ ಮೊದಲ ಸಲ ಸಾರ್ವಜನಿಕರಿಗೆ ಷೇರು ಮಾರುವುದಕ್ಕೆ, ಮೊದಲು ಇದರ ಷೇರುಗಳು 40 ಕೋಟಿ. ಹೋದ ವರ್ಷ ಷೇರಿಗೆ ₹9ರಂತೆ ₹360 ಕೋಟಿ ಲಾಭಾಂಶ ಹಂಚಿತ್ತು. ಐಪಿಒದಲ್ಲಿ 10 ಕೋಟಿ ಹೊಸ ಷೇರು ಬಿಟ್ಟಿತು, ಈಗ ಒಟ್ಟು 50 ಕೋಟಿ. ಆ್ಯಪ್ ಮಾತ್ರ ಹಳೆಯ ₹9 ಅನ್ನೇ ಹಿಡಿದುಕೊಂಡು ಶೇ 7.5 ತೋರಿಸುತ್ತದೆ. ಅದೇ ₹360 ಕೋಟಿಯನ್ನು 50 ಕೋಟಿ ಷೇರಿಗೆ ಹಂಚಿದರೆ ₹7.20. ಯೀಲ್ಡ್ ಆಗಲೇ ಶೇ 6ಕ್ಕೆ ಇಳಿಯಿತು. ಯಾರೂ ಮೋಸ ಮಾಡಿಲ್ಲ, ಪಾಲುದಾರರು ಜಾಸ್ತಿಯಾದರು ಅಷ್ಟೆ.

ಹೊಸ ಷೇರಿನಿಂದ ಬಂದ ದುಡ್ಡು ಸಾಲ ತೀರಿಸಲು ಹೋಗಿದ್ದರೆ ಬಡ್ಡಿ ಉಳಿದು ಲಾಭ ಸ್ವಲ್ಪ ಏರುತ್ತದೆ, ಅದನ್ನು ಸೇರಿಸಿಕೊಳ್ಳಬೇಕು. ಹೊಸ ಸ್ಥಾವರಕ್ಕೆ ಹೋಗಿದ್ದರೆ ಅದು ಚಾಲೂ ಆಗುವವರೆಗೆ ಒಂದು ಪೈಸೆಯೂ ಹುಟ್ಟುವುದಿಲ್ಲ. ಐಪಿಒ ಪೂರ್ತಿ ‘ಆಫರ್ ಫಾರ್ ಸೇಲ್’, ಅಂದರೆ ಹಳೆಯ ಷೇರುದಾರರು ತಮ್ಮ ಷೇರನ್ನೇ ಮಾರುವುದು, ಆಗಿದ್ದರೆ ಷೇರಿನ ಸಂಖ್ಯೆ ಬದಲಾಗುವುದಿಲ್ಲ. ಕಂಪನಿಗೆ ಬಿಡಿಗಾಸೂ ಬರುವುದಿಲ್ಲ, ಎಲ್ಲವೂ ಮಾರಿದವರ ಜೇಬಿಗೆ. ಈ ಮೂರರಲ್ಲಿ ಯಾವುದು ಎಂಬುದು ಷೇರುಪೇಟೆ ನಿಯಂತ್ರಕ ಸೆಬಿ, ಷೇರು ವಿನಿಮಯ ಕೇಂದ್ರಗಳಾದ ಎನ್‌ಎಸ್‌ಇ, ಬಿಎಸ್‌ಇ ಜಾಲತಾಣಗಳಲ್ಲಿ ಉಚಿತವಾಗಿ ಸಿಗುವ ಐಪಿಒ ವಿವರ ಪುಸ್ತಕವಾದ ಪ್ರಾಸ್ಪೆಕ್ಟಸ್‌ನಲ್ಲಿದೆ. ಐನೂರು ಪುಟ ಓದಬೇಕಿಲ್ಲ. ‘ಕ್ಯಾಪಿಟಲ್ ಸ್ಟ್ರಕ್ಚರ್’, ‘ಆಬ್ಜೆಕ್ಟ್ಸ್ ಆಫ್ ದಿ ಆಫರ್’, ‘ಡಿವಿಡೆಂಡ್ ಪಾಲಿಸಿ’ ಎಂಬ ಮೂರು ಅಧ್ಯಾಯ ಸಾಕು. ಹಿಂದಿನ ಮೂರು ವರ್ಷದ ಲಾಭಾಂಶ ಕೊನೆಯ ಅಧ್ಯಾಯದಲ್ಲಿ ಕೋಷ್ಟಕವಾಗಿ ಇರುತ್ತದೆ. ಮೊದಲೆರಡು ವರ್ಷ ಸೊನ್ನೆ ಅಥವಾ ಚಿಲ್ಲರೆ, ಐಪಿಒಗೆ ಮುಂಚಿನ ವರ್ಷ ಮಾತ್ರ ದೊಡ್ಡ ಮೊತ್ತ ಇದ್ದರೆ, ಮನೆ ಮಾರುವ ಮೊದಲು ಯಜಮಾನರು ಕಣಜ ಖಾಲಿ ಮಾಡಿಕೊಂಡಿದ್ದಾರೆ ಎಂದೇ ಓದಿಕೊಳ್ಳಿ. ಆ ಮೊತ್ತವನ್ನು ಯೀಲ್ಡ್ ಲೆಕ್ಕಕ್ಕೆ ತರಲೇಬೇಡಿ.

ಇನ್ನು ದುಡ್ಡಿನ ಮೂಲ. ಇಲ್ಲಿ ಹೆಚ್ಚಿನವರು ಲಾಭ ನೋಡುತ್ತಾರೆ: ನಿವ್ವಳ ಲಾಭ ₹500 ಕೋಟಿ, ಹಂಚಿದ್ದು ₹360 ಕೋಟಿ, ಶೇ 72, ಪರವಾಗಿಲ್ಲ ಎನ್ನುತ್ತಾರೆ. ವಿದ್ಯುತ್ ಕಂಪನಿಯಲ್ಲಿ ಇದು ಸಾಲದು. ಇದು ಬಹುಪಾಲು ಸಾಲದ ಮೇಲೆ ನಿಂತ ವ್ಯಾಪಾರ. ಯೋಜನೆಯ ಖರ್ಚಿನಲ್ಲಿ 70 ಪಾಲು ಸಾಲ, 30 ಪಾಲು ಸ್ವಂತ ಬಂಡವಾಳ ಎಂಬುದು ಸಾಮಾನ್ಯ ಅಳತೆ. ಸಾಲದ ಅಸಲಿನ ಕಂತು ಲಾಭ-ನಷ್ಟದ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಅದು ಇರುವುದು ನಗದು ಹರಿವಿನ ಪಟ್ಟಿಯಲ್ಲಿ.

ಆ ಪಟ್ಟಿಯಲ್ಲೂ ಒಂದು ಗುಂಡಿ ಇದೆ, ತಿಳಿದವರೂ ಬೀಳುವಂಥದ್ದು. ಮೊದಲ ಭಾಗದಲ್ಲಿ ‘ಕಾರ್ಯಾಚರಣೆಯಿಂದ ಬಂದ ನಗದು’ ಎಂದಿರುತ್ತದೆ. ನಮ್ಮ ದೇಶದ ಲೆಕ್ಕ ನಿಯಮ, ಅಂದರೆ ಇಂಡ್ ಎಎಸ್ 7ರ ಪ್ರಕಾರ, ಬ್ಯಾಂಕು-ಫೈನಾನ್ಸ್ ಬಿಟ್ಟು ಉಳಿದ ಕಂಪನಿಗಳು ಕಟ್ಟಿದ ಬಡ್ಡಿಯನ್ನು ಈ ಭಾಗದಲ್ಲಿ ಕಳೆಯುವುದಿಲ್ಲ. ಅದನ್ನು ಮೂರನೇ ಭಾಗವಾದ ‘ಹಣಕಾಸು ಚಟುವಟಿಕೆ’ಯಲ್ಲಿ ತೋರಿಸುತ್ತವೆ. ಹಾಗಾಗಿ ಮೊದಲ ಭಾಗದ ದೊಡ್ಡ ಮೊತ್ತ ಬಡ್ಡಿ ಕಟ್ಟುವ ಮೊದಲಿನದು. ಅದನ್ನು ಲಾಭಾಂಶದೊಂದಿಗೆ ಹೋಲಿಸಿ ‘ನಾಲ್ಕು ಪಟ್ಟು ನಗದು ಇದೆ’ ಎನ್ನುವ ವಿಡಿಯೊಗಳನ್ನು ನಂಬಬೇಡಿ.

ನಮ್ಮ ಕಂಪನಿಯ ಪಟ್ಟಿ ಹೀಗಿದೆ ಎನ್ನೋಣ. ಕಾರ್ಯಾಚರಣೆಯಿಂದ ₹1,600 ಕೋಟಿ. ಕಟ್ಟಿದ ಬಡ್ಡಿ ₹700 ಕೋಟಿ. ಅಸಲಿನ ಕಂತು ₹480 ಕೋಟಿ. ಈಗಿರುವ ಯಂತ್ರಗಳನ್ನು ಸುಸ್ಥಿತಿಯಲ್ಲಿಡಲು ₹120 ಕೋಟಿ. ಉಳಿದದ್ದು ₹300 ಕೋಟಿ, 50 ಕೋಟಿ ಷೇರಿಗೆ ಹಂಚಿದರೆ ಷೇರಿಗೆ ₹6. ಹಂಚಿದ್ದು ₹360 ಕೋಟಿ, ಹಾಗಾದರೆ ₹60 ಕೋಟಿ ಎಲ್ಲಿಂದ ಬಂತು? ಅದೇ ಮೂರನೇ ಭಾಗದಲ್ಲಿ ‘ಹೊಸ ಸಾಲ’ ಎಂಬ ಸಾಲನ್ನು ನೋಡಿ, ಉತ್ತರ ಅಲ್ಲಿರುತ್ತದೆ. ಒಂದು ಬ್ಯಾಂಕಿನಿಂದ ತಂದು ಷೇರುದಾರರಿಗೆ ಕೊಟ್ಟಿದ್ದಾರೆ. ಯೀಲ್ಡ್ ಈಗ ಶೇ 5. ಹಳೆಯ ಸಾಲ ತೀರಿಸಿ ಹೊಸ ಸಾಲ ಎತ್ತಿದ್ದರೆ ಕಂತಿನ ಮೊತ್ತ ಒಮ್ಮೆಗೇ ಉಬ್ಬಿ ಕಾಣುತ್ತದೆ. ಅಂಥ ವರ್ಷದಲ್ಲಿ ನಿಗದಿತ ಕಂತು ಎಷ್ಟು ಎಂಬುದನ್ನು ಸಾಲದ ಟಿಪ್ಪಣಿಯಿಂದ ಬೇರೆಯಾಗಿ ತೆಗೆದುಕೊಳ್ಳಿ.

ಇಷ್ಟಕ್ಕೇ ಮುಗಿಯಲಿಲ್ಲ. ಆ ₹1,600 ಕೋಟಿಯಲ್ಲಿ ಹಳೆಯ ಬಾಕಿ ವಸೂಲಾದದ್ದು ಎಷ್ಟು?

ನಮ್ಮ ಎರಡೂ ಜಿಲ್ಲೆಗಳಿಗೆ ಕರೆಂಟ್ ಹಂಚುವುದು ಬೆಸ್ಕಾಂ. ಚನ್ನಗಿರಿಯ ಅಡಿಕೆ ತೋಟ ಇರಲಿ, ಹಿರಿಯೂರು, ಹೊಳಲ್ಕೆರೆಯ ಕೊಳವೆಬಾವಿ ಇರಲಿ, 10 ಎಚ್‌ಪಿವರೆಗಿನ ಐಪಿ ಸೆಟ್‌ಗೆ ಬಿಲ್ ಇಲ್ಲ. ಆ ದುಡ್ಡು ಸರ್ಕಾರ ಸಬ್ಸಿಡಿಯಾಗಿ ಎಸ್ಕಾಂಗೆ ಕೊಡಬೇಕು. 2023ರಿಂದ ಗೃಹಜ್ಯೋತಿಯ ಮೊತ್ತವೂ ಅದೇ ದಾರಿಯಲ್ಲಿ ಬರುತ್ತದೆ. ಸರ್ಕಾರದಿಂದ ಎಸ್ಕಾಂಗೆ, ಎಸ್ಕಾಂನಿಂದ ವಿದ್ಯುತ್ ಉತ್ಪಾದಕನಿಗೆ, ಉತ್ಪಾದಕನಿಂದ ಬ್ಯಾಂಕಿಗೆ, ಕೊನೆಗೆ ನಿಮಗೆ. ಕಾಲುವೆಯ ಮೇಲ್ಭಾಗದಲ್ಲಿ ತೂಬು ಎತ್ತುವುದು ತಡವಾದರೆ ಕೊನೆಯ ಭಾಗದ ಗದ್ದೆಗೆ ಏನಾಗುತ್ತದೆ ಎಂಬುದನ್ನು ಭದ್ರಾ ಅಚ್ಚುಕಟ್ಟಿನವರಿಗೆ ವಿವರಿಸಬೇಕಿಲ್ಲ. ಷೇರುದಾರ ಕೊನೆಯ ಭಾಗದ ರೈತ. ದೇಶದ ಬಹುತೇಕ ವಿತರಣಾ ಕಂಪನಿಗಳ ಕಥೆ ಹೆಚ್ಚು ಕಡಿಮೆ ಇದೇ.

ಈ ಬಾಕಿ ಬೆಟ್ಟದಷ್ಟಾದಾಗ ಕೇಂದ್ರ ಸರ್ಕಾರ 2022ರಲ್ಲಿ ತಡಪಾವತಿ ಸರ್‌ಚಾರ್ಜ್ ನಿಯಮ ತಂದಿತು. ಹಳೆಯ ಬಾಕಿಯನ್ನು ಗರಿಷ್ಠ 48 ತಿಂಗಳ ಕಂತಿನಲ್ಲಿ ತೀರಿಸಬೇಕು, ತಪ್ಪಿದರೆ ವಿದ್ಯುತ್ ಪೂರೈಕೆಗೆ ಕತ್ತರಿ. ಕಂತುಗಳು 2022ರ ಆಗಸ್ಟ್‌ನಲ್ಲಿ ಶುರುವಾದವು. ನಿಯಮ ಒಳ್ಳೆಯದು, ಕೆಲಸವನ್ನೂ ಮಾಡಿತು. ಆದರೆ ನಮ್ಮ ಲೆಕ್ಕಕ್ಕೆ ಬೇಕಾದದ್ದು ಇದರ ಇನ್ನೊಂದು ಮುಖ: ಆ ನಾಲ್ಕು ವರ್ಷಗಳಲ್ಲಿ ಉತ್ಪಾದಕರ ನಗದಿನಲ್ಲಿ ಒಂದು ಪಾಲು ಹಳೆಯ ಬಾಕಿಯದು, ಮತ್ತೆ ಬಾರದ್ದು. ಪತ್ತೆ ಹಚ್ಚುವುದು ಸುಲಭ. ನಗದು ಹರಿವಿನ ಪಟ್ಟಿಯ ಮೊದಲ ಭಾಗದಲ್ಲೇ ‘ಟ್ರೇಡ್ ರಿಸೀವಬಲ್ಸ್‌ನಲ್ಲಿ ಬದಲಾವಣೆ’, ಅಂದರೆ ಕೊಂಡವರಿಂದ ಬರಬೇಕಾದ ಬಾಕಿ ಎಷ್ಟು ಏರಿತು, ಇಳಿಯಿತು ಎಂಬ ಸಾಲಿದೆ. ಅಲ್ಲಿ ನಮ್ಮ ಕಂಪನಿಗೆ ₹100 ಕೋಟಿ ಬಂದಿದ್ದರೆ ಅದನ್ನೂ ಕಳೆಯಿರಿ. ಉಳಿದದ್ದು ₹200 ಕೋಟಿ, ಷೇರಿಗೆ ₹4, ಯೀಲ್ಡ್ ಶೇ 3.3.

ಶೇ 7.5ರಿಂದ ಶೇ 3.3. ಕಂಪನಿ ಕೆಟ್ಟದ್ದೇನಲ್ಲ. ₹120 ಕೊಡುವಾಗ ಯಾವ ಅಂಕಿಯನ್ನು ನಂಬಿ ಕೊಡುತ್ತಿದ್ದೀರಿ ಎಂಬುದಷ್ಟೇ ಪ್ರಶ್ನೆ.

ಪವನ ವಿದ್ಯುತ್ ಕಂಪನಿಯಾದರೆ ಇನ್ನೊಂದು ಎಚ್ಚರಿಕೆ ಬೇಕು, ಅದು ಚಿತ್ರದುರ್ಗದವರಿಗೆ ಕಣ್ಣೆದುರೇ ಇದೆ. ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಮುಂಗಾರಿನಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಹಗಲು ರಾತ್ರಿ ತಿರುಗುತ್ತವೆ. ವರ್ಷದ ಉತ್ಪಾದನೆಯ ಬಹುಪಾಲು ಆಗಲೇ ಆಗಿಬಿಡುತ್ತದೆ. ದೀಪಾವಳಿ ಕಳೆದ ಮೇಲೆ ಅದೇ ರೆಕ್ಕೆಗಳು ಎಷ್ಟೋ ಹೊತ್ತು ಸುಮ್ಮನೆ ನಿಂತಿರುತ್ತವೆ. ಆರ್ಥಿಕ ವರ್ಷದ ಮೊದಲ ಆರು ತಿಂಗಳು ಈ ಗಾಳಿಗಾಲವನ್ನು ಪೂರ್ತಿ ನುಂಗಿಕೊಂಡಿರುತ್ತದೆ. ನವೆಂಬರ್‌ನಲ್ಲಿ ಅರೆವಾರ್ಷಿಕ ಫಲಿತಾಂಶದ ಜೊತೆ ₹4 ಮಧ್ಯಂತರ ಲಾಭಾಂಶ ಘೋಷಿಸಿದರೆ, ‘ಆರು ತಿಂಗಳಿಗೆ 4, ವರ್ಷಕ್ಕೆ 8’ ಎಂದು ಎರಡರಿಂದ ಗುಣಿಸುವುದು ಸುಗ್ಗಿ ತಿಂಗಳ ಆದಾಯವನ್ನು ಹನ್ನೆರಡರಿಂದ ಗುಣಿಸಿದ ಹಾಗೆ. ಹೊಸದಾಗಿ ಲಿಸ್ಟ್ ಆದ ಗಾಳಿ ಕಂಪನಿಗೆ ಪೂರ್ತಿ ಎರಡು ಮುಂಗಾರಿನ ಅಂಕಿ ಸಿಗುವವರೆಗೆ ಕಾಯುವುದೇ ನ್ಯಾಯ. ಅಲ್ಲಿಯವರೆಗೆ ಸಿಗುವುದು ಪಿ50, ಪಿ90 ಎಂಬ ಅಂದಾಜುಗಳು. ಪಿ50 ಎಂದರೆ ನೂರರಲ್ಲಿ ಐವತ್ತು ಸಲ ದಾಟಬಹುದಾದ ಉತ್ಪಾದನೆ, ಪಿ90 ಎಂದರೆ ತೊಂಬತ್ತು ಸಲ ದಾಟಬಹುದಾದದ್ದು. ಲಾಭಾಂಶದ ಲೆಕ್ಕಕ್ಕೆ ಪಿ90 ಹಿಡಿಯಿರಿ. ಬ್ಯಾಂಕಿನವರೂ ಸಾಲ ಕೊಡುವಾಗ ನೋಡುವುದು ಅದನ್ನೇ.

ಈಗ ಇನ್ವಿಟ್ ವಿಷಯ. ಹೆಚ್ಚು ಯೀಲ್ಡ್ ಹುಡುಕುವವರು ಬಂದು ನಿಲ್ಲುವುದು ಇಲ್ಲೇ, ತಪ್ಪಾಗಿ ಅರ್ಥವಾಗುವುದೂ ಇದೇ. ಇನ್ವಿಟ್ ಎಂದರೆ ಲೈನು, ಸ್ಥಾವರಗಳಂಥ ಆಸ್ತಿಗಳನ್ನು ಹಿಡಿದಿಟ್ಟುಕೊಂಡು ಬಂದ ನಗದನ್ನು ಹಂಚುವ ಟ್ರಸ್ಟ್. ಹಂಚಬಹುದಾದ ನಗದಿನ ಕನಿಷ್ಠ ಶೇ 90 ಹಂಚಲೇಬೇಕು ಎಂಬುದು ಸೆಬಿ ನಿಯಮ. 2021ರ ಮೇ ತಿಂಗಳಲ್ಲಿ ₹100ಕ್ಕೆ ಬಂದ ಪವರ್‌ಗ್ರಿಡ್ ಇನ್ವಿಟ್ ಮೂರು ತಿಂಗಳಿಗೆ ₹3, ವರ್ಷಕ್ಕೆ ₹12ರಂತೆ ಹಂಚಿತು. ₹100ಕ್ಕೆ ₹12 ಎಂದರೆ ಯಾರ ಕಣ್ಣಾದರೂ ಅರಳುತ್ತದೆ. ಯೂನಿಟ್, ಅಂದರೆ ಟ್ರಸ್ಟ್‌ನ ಒಂದು ಪಾಲಿನ, ಬೆಲೆ 2022ರಲ್ಲಿ ₹130 ದಾಟಿತು, ಆಮೇಲೆ ₹100ರ ಕೆಳಗೂ ಇಳಿಯಿತು. ಹಂಚಿಕೆ ಹಾಗೇ ಇದ್ದರೂ ಬೆಲೆ ಇಳಿದದ್ದಕ್ಕೆ ಕಾರಣಗಳಿವೆ. ಬಡ್ಡಿದರ ಏರಿದಾಗ ಇಂಥ ಯೂನಿಟ್‌ಗಳು ಬಾಂಡ್‌ನಂತೆ ಅಗ್ಗವಾಗುತ್ತವೆ. ಮೇಲಾಗಿ ಹಂಚಿದ ₹12 ಪೂರ್ತಿ ಗಳಿಕೆ ಅಲ್ಲ. ಪ್ರತಿ ಹಂಚಿಕೆಯ ಪ್ರಕಟಣೆಯಲ್ಲಿ ಬಡ್ಡಿ ಇಷ್ಟು, ಲಾಭಾಂಶ ಇಷ್ಟು, ಸಾಲ ಮರುಪಾವತಿ ಇಷ್ಟು ಎಂದು ಬಿಡಿಸಿ ಬರೆದಿರುತ್ತಾರೆ. ‘ಸಾಲ ಮರುಪಾವತಿ’ ಎಂದು ಬಂದದ್ದು ನಿಮ್ಮದೇ ಅಸಲು ನಿಮ್ಮ ಕೈಗೆ ವಾಪಸ್ ಬಂದದ್ದು.

ಭೀಮಸಮುದ್ರದ ಕಡೆಯವರಿಗೆ ಖೇಣಿ ಗೊತ್ತು. ತೋಟದ ಫಸಲನ್ನು ಮುಂಚೆಯೇ ದುಡ್ಡು ಕೊಟ್ಟು ಹಿಡಿಯುವುದು. ಖೇಣಿದಾರನದ್ದು ಅಡಿಕೆಯ ಮೇಲಿನ ಹಕ್ಕು, ಮರದ ಮೇಲಿನದ್ದಲ್ಲ. ಅವಧಿ ಮುಗಿದ ಮೇಲೆ ತೋಟದಲ್ಲಿ ಅವನಿಗೆ ಏನೂ ಇಲ್ಲ. ಆದ್ದರಿಂದ ಕೊಟ್ಟ ಮೊತ್ತ ಮೊದಲು ವಾಪಸ್ ಬಂದು, ಆಮೇಲೆ ಉಳಿದದ್ದನ್ನು ಮಾತ್ರ ಅವನು ಲಾಭ ಎನ್ನುತ್ತಾನೆ. ಅವಧಿ ಇರುವ ವಿದ್ಯುತ್ ಒಪ್ಪಂದದ ಮೇಲೆ ನಿಂತ ಕಂಪನಿಯನ್ನು ಇದೇ ಕಣ್ಣಿನಿಂದ ನೋಡಬೇಕು. ಸೌರ ಸ್ಥಾವರದ ಮಾರಾಟ ಒಪ್ಪಂದ ಸಾಮಾನ್ಯವಾಗಿ 25 ವರ್ಷ. ನೀವು ಕೊಳ್ಳುವಾಗ ಅದರಲ್ಲಿ ಹತ್ತು ವರ್ಷ ಆಗಲೇ ಕಳೆದಿರಬಹುದು.

₹100 ಕೊಟ್ಟು ವರ್ಷಕ್ಕೆ ₹12 ಪಡೆದು, ಕೊನೆಗೆ ಆಸ್ತಿಯ ಬೆಲೆ ಸೊನ್ನೆ ಎಂದು ಹಿಡಿದರೆ ನಿಜವಾದ ವಾರ್ಷಿಕ ಪ್ರತಿಫಲ ಹೀಗೆ ಬರುತ್ತದೆ: 30 ವರ್ಷ ನಡೆದರೆ ಸುಮಾರು ಶೇ 11.5, 20 ವರ್ಷಕ್ಕೆ ಶೇ 10.3, 15 ವರ್ಷಕ್ಕೆ ಶೇ 8.4. ಹತ್ತೇ ವರ್ಷ ಉಳಿದಿದ್ದರೆ ಶೇ 3.5. ಆ್ಯಪ್ ಮಾತ್ರ ನಾಲ್ಕಕ್ಕೂ ಶೇ 12 ಎಂದೇ ತೋರಿಸುತ್ತದೆ. ಎಕ್ಸೆಲ್‌ನಲ್ಲಿ ‘ರೇಟ್’ ಎಂಬ ಫಂಕ್ಷನ್‌ಗೆ ಉಳಿದ ವರ್ಷ, ವಾರ್ಷಿಕ ಹಂಚಿಕೆ, ಮೈನಸ್ ಚಿಹ್ನೆಯೊಂದಿಗೆ ಬೆಲೆ, ಈ ಮೂರನ್ನು ಅನುಕ್ರಮವಾಗಿ ಕೊಟ್ಟರೆ ಅರೆಕ್ಷಣದಲ್ಲಿ ಉತ್ತರ. ಕೊನೆಗೆ ಸೊನ್ನೆ ಎನ್ನುವುದು ಕಠಿಣ ಊಹೆ, ಜಮೀನು, ಲೈನು ಏನಾದರೂ ಉಳಿದೀತು. ಟ್ರಸ್ಟ್ ಹೊಸ ಆಸ್ತಿ ಕೊಂಡರೆ ಅವಧಿಯೂ ಬೆಳೆಯುತ್ತದೆ. ಆದರೂ ಕಠಿಣ ಊಹೆಯಲ್ಲಿ ಬಂದ ಅಂಕಿ ನಿಮ್ಮ ಬ್ಯಾಂಕಿನ ಎಫ್‌ಡಿ ದರಕ್ಕಿಂತ ಕೆಳಗಿದ್ದರೆ ಆ ಬೆಲೆಗೆ ಕೊಳ್ಳಲು ಕಾರಣ ಏನು ಎಂದು ಬರೆದಿಟ್ಟುಕೊಳ್ಳಿ.

‘ಸರ್ಕಾರಿ ಕಂಪನಿ, ಲಾಭಾಂಶ ಕೊಡಲೇಬೇಕು’ ಎಂಬ ಮಾತೂ ಕೇಳಿಬರುತ್ತದೆ. ಅರ್ಧ ನಿಜ. 2024ರ ನವೆಂಬರ್‌ನ ಮಾರ್ಗಸೂಚಿ ಪ್ರಕಾರ ಕೇಂದ್ರದ ಉದ್ಯಮಗಳು ನಿವ್ವಳ ಲಾಭದ ಶೇ 30 ಅಥವಾ ನಿವ್ವಳ ಸಂಪತ್ತಿನ ಶೇ 4, ಯಾವುದು ಹೆಚ್ಚೋ ಅಷ್ಟನ್ನು ಕನಿಷ್ಠ ಕೊಡಬೇಕು. ಗಮನಿಸಿ, ಇದು ಪುಸ್ತಕದ ಬೆಲೆಯ, ಅಂದರೆ ಲೆಕ್ಕದ ಪುಸ್ತಕದಲ್ಲಿ ಆಸ್ತಿಯಿಂದ ಸಾಲ ಕಳೆದು ಉಳಿಯುವ ನಿವ್ವಳ ಸಂಪತ್ತಿನ, ಮೇಲಿನ ಶೇ 4, ಪೇಟೆ ಬೆಲೆಯ ಮೇಲಿನದ್ದಲ್ಲ. ಪುಸ್ತಕದ ಬೆಲೆ ₹40 ಇರುವ ಷೇರನ್ನು ₹100ಕ್ಕೆ ಕೊಂಡರೆ ಈ ಶೇ 4ರ ಲೆಕ್ಕದಲ್ಲಿ ಬರುವುದು ₹1.60.

ದರ ನಿಗದಿಯ ವ್ಯವಸ್ಥೆಯಲ್ಲಿ ನಡೆಯುವ ಕಂಪನಿಯಲ್ಲಿ ಇನ್ನೊಂದು ಕಟ್ಟು ಇದೆ. ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ಸ್ವಂತ ಬಂಡವಾಳದ ಮೇಲೆ ಇಷ್ಟು ಪ್ರತಿಫಲ ಎಂದು ಗೊತ್ತುಮಾಡುತ್ತದೆ. ಉಷ್ಣ ಸ್ಥಾವರಕ್ಕೆ ಅದು ಶೇ 15.5, ಈಗಿನ ದರ ಅವಧಿ 2024ರಿಂದ 2029ರವರೆಗೆ. ಅದರಾಚೆ ಲಾಭ ಬೆಳೆಯಬೇಕಾದರೆ ಹೊಸ ಆಸ್ತಿ ಕಟ್ಟಬೇಕು, ಕಟ್ಟಲು 30 ಪಾಲು ಕೈಯಿಂದ ಹಾಕಬೇಕು. ನಮ್ಮ ಕಂಪನಿ ₹1,000 ಕೋಟಿಯ ಯೋಜನೆಗೆ ಇಳಿದರೆ ₹300 ಕೋಟಿ ಸ್ವಂತದ್ದು ಬೇಕು. ವರ್ಷಕ್ಕೆ ಉಳಿಯುವುದೇ ₹200 ಕೋಟಿ. ಹೆಚ್ಚು ಲಾಭಾಂಶವನ್ನೂ ಕೊಡುತ್ತೇವೆ, ಐದು ವರ್ಷದಲ್ಲಿ ಸಾಮರ್ಥ್ಯವನ್ನೂ ದುಪ್ಪಟ್ಟು ಮಾಡುತ್ತೇವೆ ಎಂದು ಒಂದೇ ಉಸಿರಿನಲ್ಲಿ ಹೇಳುವ ಆಡಳಿತ ಮಂಡಳಿ, ಮಧ್ಯದಲ್ಲಿ ಹೊಸ ಷೇರು ಬಿಡುತ್ತೇವೆ ಎಂಬ ಮಾತನ್ನು ನುಂಗಿಕೊಂಡಿರುತ್ತದೆ.

ಮನಸ್ಸಿದ್ದರೂ ಕಂಪನಿ ಲಾಭಾಂಶ ಕೊಡಲಾಗದ ಸಂದರ್ಭಗಳೂ ಇವೆ. ಸ್ಥಾವರಗಳು ಅಂಗಸಂಸ್ಥೆಗಳ ಹೆಸರಿನಲ್ಲಿರುತ್ತವೆ, ಲಿಸ್ಟ್ ಆದದ್ದು ಮೇಲಿನ ಹೋಲ್ಡಿಂಗ್ ಕಂಪನಿ. ಸಾಲದ ಕರಾರಿನಲ್ಲಿ ಡಿಎಸ್‌ಸಿಆರ್, ಅಂದರೆ ಕಂತು-ಬಡ್ಡಿಗೆ ಹೋಲಿಸಿದರೆ ನಗದು ಎಷ್ಟು ಪಟ್ಟು ಎಂಬ ಅಳತೆ, ಇಂತಿಷ್ಟಕ್ಕಿಂತ ಇಳಿದರೆ ಅಂಗಸಂಸ್ಥೆ ಮೇಲಕ್ಕೆ ದುಡ್ಡು ಕಳಿಸುವಂತಿಲ್ಲ ಎಂದಿರುತ್ತದೆ. ಆಗ ಒಟ್ಟು ಗುಂಪಿನ ಲಾಭ ಎಷ್ಟೇ ಇದ್ದರೂ ಹೋಲ್ಡಿಂಗ್ ಕಂಪನಿಯ ಕೈ ಖಾಲಿ. ಆದ್ದರಿಂದ ಇಡೀ ಗುಂಪಿನ ಕನ್ಸಾಲಿಡೇಟೆಡ್ ಲೆಕ್ಕದ ಜೊತೆ ಹೋಲ್ಡಿಂಗ್ ಕಂಪನಿಯೊಂದರದೇ ಆದ ಸ್ಟ್ಯಾಂಡ್‌ಅಲೋನ್ ಲೆಕ್ಕವನ್ನೂ ತೆರೆದು ನೋಡಿ. ಡಿಎಸ್‌ಸಿಆರ್ ಅಂದಾಜು, ಕರೆಂಟ್ ಕೊಳ್ಳುವವರು ಯಾರು, ಎಷ್ಟು ದಿನಕ್ಕೆ ದುಡ್ಡು ಕೊಡುತ್ತಾರೆ ಎಂಬ ವಿವರಗಳು ಸಾಲದ ರೇಟಿಂಗ್ ಸಂಸ್ಥೆಗಳಾದ ಕ್ರಿಸಿಲ್, ಇಕ್ರಾ, ಕೇರ್ ಜಾಲತಾಣಗಳಲ್ಲಿ ಕಂಪನಿಯ ಹೆಸರು ಹಾಕಿದರೆ ಸಿಗುವ ರೇಟಿಂಗ್ ವರದಿಯಲ್ಲಿವೆ. ನಾಲ್ಕೈದು ಪುಟ, ಉಚಿತ. ಬ್ರೋಕರ್‌ಗಳ ಶಿಫಾರಸು ವರದಿಗಿಂತ ಇದು ಎಷ್ಟೋ ಮೇಲು, ಯಾಕೆಂದರೆ ಬರೆದವರು ಯೋಚಿಸುವುದು ಸಾಲ ಕೊಟ್ಟವನ ಜಾಗದಲ್ಲಿ ನಿಂತು.

ಬೆಲೆಯ ಕಡೆಗೂ ಒಂದು ಮಾತು. ಹೊಸ ಷೇರಿನಲ್ಲಿ ಆಂಕರ್ ಹೂಡಿಕೆದಾರರ, ಅಂದರೆ ಐಪಿಒ ತೆರೆಯುವ ಮೊದಲೇ ಷೇರು ಪಡೆಯುವ ದೊಡ್ಡ ಸಂಸ್ಥೆಗಳ, ಅರ್ಧ ಪಾಲಿಗೆ 30 ದಿನ, ಉಳಿದರ್ಧಕ್ಕೆ 90 ದಿನ ಮಾರದಂತೆ ಬೀಗ. ಪ್ರವರ್ತಕರಲ್ಲದ ಹಳೆಯ ಷೇರುದಾರರಿಗೆ ಸಾಮಾನ್ಯವಾಗಿ 6 ತಿಂಗಳು. ಈ ತಾರೀಖುಗಳಲ್ಲಿ ಮಾರಾಟದ ಒತ್ತಡ ಬಿದ್ದು ಬೆಲೆ ಇಳಿದರೆ ಯೀಲ್ಡ್ ತಾನಾಗಿ ಏರಿ ಕಾಣುತ್ತದೆ. ಲಾಭಾಂಶ ಏರಿದ್ದರಿಂದ ಹೆಚ್ಚಾದ ಯೀಲ್ಡ್ ಬೇರೆ, ಬೆಲೆ ಬಿದ್ದು ಹೆಚ್ಚಾದ ಯೀಲ್ಡ್ ಬೇರೆ. ಎರಡನೆಯದರಲ್ಲಿ, ಮೇಲಿನ ಲೆಕ್ಕದಂತೆ ಷೇರಿಗೆ ₹4 ಗಟ್ಟಿ ಎಂದು ಗೊತ್ತಿದ್ದವರಿಗೆ ಆರನೇ ತಿಂಗಳ ಬೀಗ ತೆರೆಯುವ ವಾರ ಒಳ್ಳೆಯ ಅವಕಾಶವೂ ಆಗಬಹುದು. ಲಾಭಾಂಶಕ್ಕಾಗಿಯೇ ಕೊಳ್ಳುವವರು ಎಕ್ಸ್-ಡೇಟ್‌ನ, ಅಂದರೆ ಷೇರು ಲಾಭಾಂಶದ ಹಕ್ಕಿಲ್ಲದೆ ವಹಿವಾಟಾಗಲು ಶುರುವಾಗುವ ದಿನದ, ಹಿಂದಿನ ವಹಿವಾಟಿನ ದಿನದೊಳಗೆ ಕೊಂಡಿರಬೇಕು, ಅದೇ ದಿನ ಕೊಂಡರೆ ಸಿಗುವುದಿಲ್ಲ. ಹಾಗೆಂದು ಹಿಂದಿನ ದಿನ ಓಡಿ ಹೋಗಿ ಕೊಳ್ಳುವುದರಲ್ಲೂ ಲಾಭವಿಲ್ಲ. ಎಕ್ಸ್-ಡೇಟ್ ಬೆಳಿಗ್ಗೆ ಬೆಲೆ ಸುಮಾರಾಗಿ ಅಷ್ಟೇ ಇಳಿದು ಶುರುವಾಗುತ್ತದೆ, ತೆರಿಗೆ ಮಾತ್ರ ನಿಮ್ಮ ತಲೆಗೆ.

ತೆರಿಗೆ ಲೆಕ್ಕ ಹೀಗೆ. 2020ರ ಏಪ್ರಿಲ್‌ನಿಂದ ಲಾಭಾಂಶ ನಿಮ್ಮ ಆದಾಯಕ್ಕೆ ಸೇರಿ ನಿಮ್ಮ ಸ್ಲ್ಯಾಬ್ ದರದಲ್ಲೇ ತೆರಿಗೆ. ಶೇ 30ರ ಸ್ಲ್ಯಾಬ್‌ನಲ್ಲಿದ್ದರೆ ಸೆಸ್ ಸೇರಿ ಶೇ 31.2. ನಮ್ಮ ₹4ರಲ್ಲಿ ಉಳಿಯುವುದು ₹2.75, ಯೀಲ್ಡ್ ಶೇ 2.3. ಒಂದು ಕಂಪನಿಯಿಂದ ವರ್ಷಕ್ಕೆ ₹10,000 ದಾಟಿದರೆ ಶೇ 10 ಟಿಡಿಎಸ್ ಹಿಡಿದೇ ಕಳಿಸುತ್ತಾರೆ. ಈ ಮಿತಿ 2025ರ ಏಪ್ರಿಲ್‌ಗೆ ಮೊದಲು ₹5,000 ಇತ್ತು. ಆದಾಯ ತೆರಿಗೆಯ ಮಿತಿಯೊಳಗೇ ಇರುವ ಹಿರಿಯರು ಕಂಪನಿಯ ರಿಜಿಸ್ಟ್ರಾರ್ ಪೋರ್ಟಲ್‌ನಲ್ಲಿ ಸ್ವಯಂ ಘೋಷಣೆ ಸಲ್ಲಿಸಿದರೆ ಹಿಡಿಯುವುದಿಲ್ಲ, ಆದರೆ ಲಾಭಾಂಶ ಯಾರಿಗೆ ಎಂದು ಕಂಪನಿ ಪಟ್ಟಿ ಮಾಡುವ ರೆಕಾರ್ಡ್ ಡೇಟ್ ಸುತ್ತಮುತ್ತ ಅವರು ಇ-ಮೇಲ್‌ನಲ್ಲಿ ತಿಳಿಸುವ ಗಡುವಿನೊಳಗೆ ಸಲ್ಲಿಸಬೇಕು. ಡಿಮ್ಯಾಟ್‌ಗೆ ಜೋಡಿಸಿದ ಬ್ಯಾಂಕ್ ಖಾತೆ, ಐಎಫ್‌ಎಸ್‌ಸಿ ಸರಿಯಿದೆಯೇ ಎಂದು ಈಗಲೇ ನೋಡಿಕೊಳ್ಳಿ. ಬ್ಯಾಂಕುಗಳು ವಿಲೀನವಾದ ಮೇಲೆ ಹಳೆಯ ಕೋಡ್ ಹಾಗೇ ಉಳಿದು ಲಾಭಾಂಶ ವಾಪಸ್ ಹೋಗುವುದು ಸಾಮಾನ್ಯ. ಏಳು ವರ್ಷ ಕೇಳದೆ ಬಿಟ್ಟರೆ ಆ ದುಡ್ಡು ಸರ್ಕಾರದ ಹೂಡಿಕೆದಾರರ ರಕ್ಷಣಾ ನಿಧಿಯಾದ ಐಇಪಿಎಫ್‌ಗೆ ಹೋಗುತ್ತದೆ. ಏಳು ವರ್ಷ ಸತತವಾಗಿ ಲಾಭಾಂಶ ಪಡೆಯದ ಷೇರುಗಳೂ ಅದರ ಹಿಂದೆಯೇ ಹೋಗುತ್ತವೆ.